ಗಾಜಿನ ತೊಟ್ಟಿಗೊಂದು ಕೋಡಿ

ಅರವತ್ತು ದಾಟಿದ ಮೇಲೆ ನನಗೇ ಅಂತ ನಾನು ಕೊಂಡ ಮೊದಲ ವಸ್ತು ಒಂದು ಅಕ್ವೇರಿಯಂ. ಚನ್ನಪಟ್ಟಣದ ನಮ್ಮ ಮನೆಯ ಹಾಲ್‌ನಲ್ಲಿ ಅದಕ್ಕೆ ಜಾಗ ಮಾಡಿದೆ. ಕೆಳಗೊಂದು ಬಕೆಟ್, ಅದರಲ್ಲಿ ಸ್ಪಂಜು, ಜಲ್ಲಿ. ತೊಟ್ಟಿಯ ನೀರು ಸಣ್ಣ ಟ್ಯೂಬಿನಲ್ಲಿ ಬಕೆಟ್ಟಿಗಿಳಿದು, ಸೋಸಿಕೊಂಡು, ಪಂಪಿನಲ್ಲಿ ಮತ್ತೆ ಮೇಲಕ್ಕೆ ಹೋಗಬೇಕು. ಕರೆಂಟ್ ಇದ್ದಷ್ಟು ಹೊತ್ತು ಎಲ್ಲ ಪರ್ಫೆಕ್ಟ್. ಆದರೆ ಅವು ಹೈವೇ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ವರ್ಷಗಳು. ಕರೆಂಟ್ ಮೊದಲು ಅವಕ್ಕೆ, ಮಿಕ್ಕರೆ ನಮಗೆ ಅಂತ ಬೀದಿಯವರೆಲ್ಲ ಬೈಯುತ್ತಿದ್ದರು. ಕರೆಂಟ್ ಹೋಗಿ ಬಂದಾಗಲೆಲ್ಲ ಟ್ಯೂಬಿಗೆ ಗಾಳಿ ಹೊಕ್ಕು ನೀರು ಇಳಿಯುವುದು ನಿಂತುಬಿಡುತ್ತಿತ್ತು. ಪಂಪ್ ಮಾತ್ರ ಒಬೀಡಿಯೆಂಟ್ ಸ್ಟೂಡೆಂಟ್ ಥರ ಮೇಲೆತ್ತುತ್ತಲೇ ಇರುತ್ತಿತ್ತು. ತೊಟ್ಟಿ ತುಂಬಿ, ಹಾಲ್ ತುಂಬ ನೀರು.

ನಮ್ಮ ಯಜಮಾನರು ರೇಷ್ಮೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಅವರು ಕೂಡಿಟ್ಟ ಹಳೆಯ ಪೇಪರ್ ಕಟ್ಟು ನೆಂದುಹೋದ ದಿನ ಹೇಳಿಯೇಬಿಟ್ಟರು: “ಇನ್ನೊಂದ್ಸಲ ನೆಲಕ್ಕೆ ನೀರು ಬಂದ್ರೆ ನಿನ್ನ ಮೀನೆಲ್ಲ ತಕ್ಕೊಂಡೋಗಿ ಕಣ್ವ ಡ್ಯಾಮಿಗೆ ಬುಟ್ಟು ಬತ್ತೀನಿ ಕಣೆ.”

“ಹಂಗೇ ನನ್ನನ್ನೂ ಬಿಟ್ಟು ಬನ್ನಿ,” ಅಂದೆ.

ಅವರು ನಗಲಿಲ್ಲ. ನಾನೂ ನಗಲಿಲ್ಲ.

ತೊಟ್ಟಿಯ ಗೋಡೆಗೊಂದು ತೂತು ಮಾಡಿಸಿ ದಪ್ಪ ಪೈಪ್ ಹಾಕೋಣ ಅಂತ ಗಾಜಿನ ಅಂಗಡಿಗೆ ಹೋದೆ. “ತೂತು ಹೊಡುದ್ರೆ ಸೀಳ್ಬುಡ್ತದೆ ಅಮ್ಮ,” ಅಂದ ಅಂಗಡಿಯವನು. “ಯಾಕೆ ಈ ವಯಸ್ಸಲ್ಲಿ? ಟೀವೀಲೂ ಮೀನು ತೋರುಸ್ತಾರಲ್ಲ.”

ಸಿಟ್ಟಿನಲ್ಲೇ ಮನೆ ಕಡೆ ನಡೆದೆ. ಯಾಕೋ ವಿರೂಪಾಕ್ಷಿಪುರದ ಕಡೆಯ ನನ್ನ ತವರಿನ ಕೆರೆ ನೆನಪಾಯಿತು. ಕಾನ್ವೆಂಟಿಗೆ ರಜೆ ಬಿಟ್ಟು ಊರಿಗೆ ಹೋದರೆ ನಾನಿರುತ್ತಿದ್ದದ್ದು ಅದರ ಕೋಡಿಯ ಹತ್ತಿರವೇ. ಕೆರೆ ತುಂಬಿತೆಂದು ಏರಿಗೆ ಯಾರೂ ತೂತು ಕೊರೆಯುವುದಿಲ್ಲ. ಒಂದು ತುದಿಯನ್ನು ತಗ್ಗಾಗಿಸಿ ಕಲ್ಲು ಹಾಸಿರುತ್ತಾರೆ. ಹೆಚ್ಚಾದ ನೀರು ತಾನಾಗಿ ಅದರ ಮೇಲೆ ಹಾದುಹೋಗುತ್ತದೆ. ಅದಕ್ಕೆ ಕರೆಂಟೂ ಬೇಡ, ಯಾರ ಪರ್ಮಿಷನ್ನೂ ಬೇಡ.

ಅರ್ಧ ದಾರಿಯಿಂದಲೇ ಅಂಗಡಿಗೆ ವಾಪಸ್ಸು ಹೋದೆ. “ತೂತು ಬೇಡಪ್ಪ. ಒಂದು ಪಕ್ಕದ ಗಾಜು ಮಾತ್ರ ಎರಡು ಬೆರಳು ಗಿಡ್ಡ ಕತ್ತರಿಸಿಕೊಡು.”

“ಆಮೇಲೆ ಅಳತೆ ತಪ್ಪೋಯ್ತು ಅಂತ ನನ್ ಮೇಲೆ ಬರ್ಬ್ಯಾಡಿ.”

“ತಪ್ಪಿದರೆ ನನ್ನ ತಪ್ಪು. ನೀನು ಕತ್ತರಿಸು.”

ಮೀನುಗಳನ್ನು ಟಬ್ಬಿಗೆ ಹಾಕಿ, ಹಳೆಯ ಗಾಜು ತೆಗೆಸಿ, ಗಿಡ್ಡ ಗಾಜು ಕೂರಿಸಿದ್ದಾಯಿತು. ಅದರ ಹೊರಗೆ ಅಂಟಿಸಲು ಒಂದು ಪುಟ್ಟ ಗಾಜಿನ ಗೂಡು. ಅದರ ತಳದ ಎರಡು ತುಂಡುಗಳ ನಡುವೆ ಪೈಪ್ ಹಿಡಿಯುವಷ್ಟು ಸಂದು ಬಿಟ್ಟು, ಬಕೆಟ್ಟಿಗಿಳಿಯುವ ದಪ್ಪ ಪೈಪ್ ತೂರಿಸಿ, ಸುತ್ತ ಸಿಲಿಕಾನ್ ಮೆತ್ತಿದೆ. ಪಂಪ್ ನಿಂತಾಗ ನೀರು ಅದರಲ್ಲೇ ವಾಪಸ್ಸು ಇಳಿಯದಿರಲೆಂದು ಪಂಪಿನ ಪೈಪಿನ ಬಾಯಿ ನೀರಿಗೆ ತಾಗದಂತೆ ಮೇಲೆ ಕಟ್ಟಿದೆ. ಕರೆಂಟ್ ಹೋದಾಗ ಕೋಡಿಯಿಂದ ಇಳಿಯುವ ನೀರಿಗೆ ಜಾಗವಿರಲೆಂದು ಬಕೆಟ್ಟನ್ನು ಅರ್ಧ ಖಾಲಿ ಬಿಟ್ಟೆ.

ಮೀನು ವಾಪಸ್ಸು ಬಿಟ್ಟ ಮಾರನೇ ಬೆಳಿಗ್ಗೆ ಯಜಮಾನರು ಬಕೆಟ್ಟಿನೊಳಗೆ ಬಗ್ಗಿ ನೋಡಿ, “ಬಾರೆ ಇಲ್ಲಿ. ನಿನ್ನ ಕರೀ ಮೀನು ಇಲ್ಲೈತೆ,” ಅಂದರು.

ಕೋಡಿ ಬಿದ್ದ ದಿನ ಊರಿನವರೆಲ್ಲ ಮಂಕರಿ, ಹಳೇ ಸೀರೆ ಹಿಡಿದು ಯಾತಕ್ಕೆ ನಿಲ್ಲುತ್ತಿದ್ದರು? ನೀರಿನ ಜೊತೆ ಹೊರಬೀಳುವ ಮೀನಿಗೆ. ಅದನ್ನೇ ಮರೆತಿದ್ದೆ. ಒಳಗೆ ಹೋಗಿ ನನ್ನ ಬಾಚಣಿಗೆಗಳನ್ನೆಲ್ಲ ತಂದು, ಹಲ್ಲು ಮೇಲೆ ಬರುವಂತೆ ಗಿಡ್ಡ ಗಾಜಿನ ಅಂಚಿಗೆ ಸಾಲಾಗಿ ಕಟ್ಟಿದೆ.

“ತಲೆ ಯಾತರಲ್ಲಿ ಬಾಚ್ಕೋತೀಯ?”

“ನಿಮ್ಮದರಲ್ಲಿ. ನಿಮಗೆ ಅದರ ಕೆಲಸವೇನೂ ಇಲ್ಲವಲ್ಲ.”

ಅವರು ಬೋಳು ತಲೆ ಸವರಿಕೊಂಡರು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಕರೆಂಟ್ ಹೋಯಿತು. ಯಜಮಾನರು ನೆಲ ಒರೆಸುವ ಬಟ್ಟೆ ತಂದು ತೊಟ್ಟಿಯೆದುರು ಕುರ್ಚಿ ಹಾಕಿಕೊಂಡು ಕೂತರು. ಕ್ಯಾಂಡಲ್ ಬೆಳಕಿನಲ್ಲಿ ನೀರು ಅಂಚಿನ ಮಟ್ಟಕ್ಕಿಳಿದು ನಿಂತಿತು. ಬಕೆಟ್ ತುಳುಕಲಿಲ್ಲ. ಕರೆಂಟ್ ಬಂತು. ಪಂಪ್ ಗುಂಯ್‌ಗುಟ್ಟಿತು. ನೀರು ಏರಿ, ಏರಿ, ಬಾಚಣಿಗೆಯ ಹಲ್ಲುಗಳ ಸಂದಿನಿಂದ ಗೂಡಿಗೆ ಇಳಿಯತೊಡಗಿತು. ಮೀನು ಒಳಗೇ ಉಳಿದವು. ಯಜಮಾನರು ಬರಿಗಾಲಿನಿಂದ ನೆಲ ಸವರಿ ನೋಡಿದರು. ಒಣಗಿತ್ತು.

“ಕೋಡಿ ಬಿತ್ತಲ್ಲ. ಬಾಗಿನ ಕೊಡಲ್ವೇನೆ?” ಅಂತ ಅಣಕಿಸಿದರು.

ನನ್ನ ತವರಿನ ಕೆರೆಯ ಕೋಡಿಯನ್ನು ಅಷ್ಟರಲ್ಲಾಗಲೇ ಮಣ್ಣು ತುಂಬಿ ಮುಚ್ಚಿ, ಫ್ಯಾಕ್ಟರಿಯ ಶೆಡ್ಡು ಎಬ್ಬಿಸಿದ್ದರು. ಅಲ್ಲಿಗೆ ಹೋಗಿ ಬಾಗಿನ ಕೊಡುವ ಮಾತಿರಲಿಲ್ಲ. ಎದ್ದುಹೋಗಿ ದೇವರ ಗೂಡಿನಿಂದ ಅರಿಶಿನ ಕುಂಕುಮ ತಂದು ಗಿಡ್ಡ ಗಾಜಿಗೆ ಹೊರಗಡೆಯಿಂದ ಇಟ್ಟೆ. ನಮ್ಮ ಕಾನ್ವೆಂಟಿನ ಸಿಸ್ಟರ್ ನೋಡಿದ್ದರೆ ಏನನ್ನುತ್ತಿದ್ದರೋ, ಅನ್ನಲಿ.

ಯಜಮಾನರು ಯಾವುದಕ್ಕೂ ಇರಲಿ ಅಂತ ನೆಲ ಒರೆಸುವ ಬಟ್ಟೆಯನ್ನು ಬಕೆಟ್ ಪಕ್ಕದಲ್ಲೇ ಇಟ್ಟರು. ನಾನು ಅದನ್ನೆತ್ತಿ ಬಚ್ಚಲಿಗೆ ಎಸೆದು ಬಂದೆ.