ಶಿವಪುತ್ರಪ್ಪನ ಅರ್ಥ್
ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನ ಮುಂದೆ ಹಳೇ ಕಾರುಗಳ ವೈರಿಂಗ್ ಕೆಲಸ ಮಾಡುವ ಶಿವಪುತ್ರಪ್ಪನಿಗೆ ಎಲ್ಲ ರೋಗಕ್ಕೂ ಒಂದೇ ಹೆಸರು. ಬ್ಯಾಟರಿಯ ಕೆಂಪು ದೀಪ ಆರದಿರಲಿ, ಹಾರ್ನ್ ಒತ್ತಿದರೆ ವೈಪರ್ ಆಡಲಿ, ಬಾನೆಟ್ ಎತ್ತಿ ನೋಡಿ, “ಅರ್ಥ್ ಇಲ್ಲರೀ ಇದಕ್ಕ” ಅನ್ನುತ್ತಾನೆ. ಅರ್ಥ್ ಅಂದರೆ ಕರೆಂಟನ್ನು ಕಾರಿನ ಮೈಗೆ ಕೂಡಿಸುವ ತಂತಿಯಂತೆ. ನಾನು ಬಹಳ ದಿನ ಕಾರಿಗೂ ಅರ್ಥ ಬೇಕೇನೋ ಅಂದುಕೊಂಡಿದ್ದೆ. ಹೊಸ ಬ್ಯಾಟರಿ ಹಾಕು ಅಂದವರಿಗೆ, “ಬ್ಯಾಟರಿ ಏನ್ ಪಾಪ ಮಾಡೇತಿ?” ಅಂತ ರೇಗುತ್ತಾನೆ. ಪಾರ್ಶ್ವವಾಯು ಬಡಿದು ಹೆಂಡತಿ ಕಸ್ತೂರಿಬಾಯಿಯ ಮಾತು ನಿಂತಾಗಲೂ, ಅಳುತ್ತಿದ್ದ ನನಗೇ ಗದರಿದ: “ಯಾಕ ಅಳತೀರಿ ಅವ್ವಾರ? ಬ್ಯಾಟರಿ ಚಲೋ ಐತಿ, ಎಲ್ಲೋ ಅರ್ಥ್ ಸಡಿಲಾಗೇತಿ.” ಆಮೇಲೆ ಯಾವ ಕಾರು ಬಂದರೂ ಆಕೆಯನ್ನು ಮೆಲ್ಲಗೆ ಸ್ಟೇರಿಂಗ್ ಮುಂದೆ ಕೂರಿಸಿ, ತಾನು ಬಾನೆಟ್ಟಿನೊಳಗೆ ತಲೆ ಇಟ್ಟು ತಂತಿ ಅಲ್ಲಾಡಿಸುತ್ತ, “ದೀಪ ಆರಿತೇನ?” ಅಂತ ಕೂಗತೊಡಗಿದ. ಆಕೆ ಇಲ್ಲವೆಂದು ಕೈ ಆಡಿಸುವಳು, ಬಾನೆಟ್ ಅಡ್ಡವಿದ್ದು ಅವನಿಗೆ ಕಾಣದು, ಮತ್ತೆ ಕೂಗುವನು. ನಿನ್ನೆಯೂ ಕೂಗಿದ, ಕೂಗಿದ, ಕೂಗಿದ. ಕಡೆಗೆ ಕಾರಿನೊಳಗಿಂದ ತೊದಲು ದನಿಯೊಂದು ಸಿಟ್ಟಿನಿಂದ ಬಂತು: “ಆರಿಲ್ಲೋ... ಕೆಪ್ಪಾ!” ಶಿವಪುತ್ರಪ್ಪ ತಲೆ ಮೇಲೆತ್ತಲಿಲ್ಲ. ತಂತಿ ಬಿಟ್ಟು, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, “ಕೇಳಸಲಿಲ್ಲ, ಇನ್ನೊಮ್ಮೆ ಬೈಯಿ” ಅಂದ.