ಟ್ಯಾಂಕಿನ ಮುಚ್ಚಳದ ಮೇಲೆ ಕೂತ ಚಿಕ್ಕಮ್ಮ

ಮೊನ್ನೆ ಹೆಮ್ಮಾಡಿಯಲ್ಲಿ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ಚಿಕ್ಕಮ್ಮ ನೆನಪಾದಳು. ಬೇರೆಯವರ ಚಿಕ್ಕಮ್ಮಂದಿರು ಮಲ್ಲಿಗೆಯ ಪರಿಮಳಕ್ಕೋ ಒಗ್ಗರಣೆಯ ಘಮಕ್ಕೋ ನೆನಪಾಗುತ್ತಾರಂತೆ. ನಮ್ಮವಳು ಪೆಟ್ರೋಲಿಗೆ.

ಬಿಜೂರಿನ ಹತ್ತಿರ ಹೆದ್ದಾರಿಗೆ ತಾಗಿ ಚಿಕ್ಕಪ್ಪನ ಬಂಕ್ ಇತ್ತು. ರಸ್ತೆ ಅಗಲವಾಗಿ ನಡುವೆ ಡಿವೈಡರ್ ಎದ್ದ ಮೇಲೆ ಆಚೆ ಬದಿಯ ಗಾಡಿಗಳು ಚಿಕ್ಕಪ್ಪನಿಗೆ ಕೈಬೀಸಿ ಹೋಗತೊಡಗಿದವು. ಕೈಬೀಸಿದರೆ ಹೊಟ್ಟೆ ತುಂಬುತ್ತದೆಯೇ? ಬಂಕ್ ಮುಚ್ಚಿತು, ನೆಲದಡಿಯ ಟ್ಯಾಂಕ್ ಹಾಗೇ ಉಳಿಯಿತು. ಕೆಲವು ವರ್ಷಗಳ ಮೇಲೆ ಚಿಕ್ಕಪ್ಪ ಅದನ್ನು ತುಂಡು ಮಾಡಿಸಲು ಗ್ಯಾಸ್ ಕಟರ್ ಸಮೇತ ಗುಜರಿಯವನನ್ನು ಕರೆತಂದರು.

"ಅದ್ ಒಣ್ಗಿ ಹೋಯ್ತ್ ಮರಾಯ. ಎಂತದೂ ಇಲ್ಲೆ ಅದ್ರೊಳ್ಗೆ" ಎಂದರು.

ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿ ತಂದು ಟ್ಯಾಂಕಿನ ಮುಚ್ಚಳದ ಮೇಲಿಟ್ಟು ಕೂತುಬಿಟ್ಟಳು. ಟ್ಯಾಂಕರ್ ಡ್ರೈವರುಗಳಿಗೆ ಚಾ ಕೊಟ್ಟು ಕೊಟ್ಟು ಅವರ ಕಥೆಗಳನ್ನೆಲ್ಲ ಕೇಳಿದ್ದವಳು.

"ಪೆಟ್ರೋಲ್ ಒಣ್ಗತ್ತ್, ಅದ್ರ ಆವಿ ಎಲ್ಲಿಗ್ ಹೋತ್ತ್? ಕಿಡಿ ಬಿದ್ರೆ ನಾವೆಲ್ಲ ಮರವಂತೆ ಸಮುದ್ರಕ್ಕೇ ಬೀಳೂದ್. ನಾನ್ ಏಳ್ತಿಲ್ಲೆ!"

"ಹ್ವಾಯ್, ಊರವ್ರ್ ನಗಾಡ್ತ್ರ್!"

"ಬದ್ಕಿದ್ರೆ ಅಲ್ದಾ ನಗಾಡೂದ್?"

ನಾನು ವಿಜ್ಞಾನದ ಪದವೀಧರ. ನನ್ನ ಪಾಲಿಗೆ ಬಂದದ್ದು ಅವಳ ಮೇಲೆ ಕೊಡೆ ಹಿಡಿಯುವ ಕೆಲಸ. ಕೊಡೆ ಹಿಡಿದದ್ದಕ್ಕೆ ಚಿಕ್ಕಪ್ಪ ಬೈದರು, ಓರೆ ಹಿಡಿದದ್ದಕ್ಕೆ ಚಿಕ್ಕಮ್ಮ ಬೈದಳು. ಬಿಸಿಲೇರಿತು. ಗುಜರಿಯವನು ಎರಡು ಚಾ ಕುಡಿದು, ಗಂಡ ಹೆಂಡತಿಯ ನಡುವೆ ಬರುವುದಕ್ಕಿಂತ ಊಟಕ್ಕೆ ಹೋಗುವುದು ಮೇಲೆಂದು ಹೊರಟುಹೋದ.

ಕೊನೆಗೆ ಚಿಕ್ಕಪ್ಪ ಅರ್ಜಿ ಹಾಕಿ, ಅನುಮತಿ ಪಡೆದು, ಹಳೇ ಟ್ಯಾಂಕ್ ತೆಗೆಯುವುದನ್ನೇ ಕಸುಬು ಮಾಡಿಕೊಂಡವರನ್ನು ಮಂಗಳೂರಿನಿಂದ ಕರೆಸಿದರು. ಅವರು ಆವಿ ಅಳೆಯುವ ಮೀಟರಿನ ಕೊಳವೆಯನ್ನು ಒಳಗೆ ಇಳಿಸಿದ್ದೇ ತಡ, ಅದು ಬಾಲ ತುಳಿದ ಬೆಕ್ಕಿನಂತೆ ಕಿರುಚಿತು. ಚಿಕ್ಕಪ್ಪನ ಮುಖ ಬಿಳಿಚಿತು. ಒಣಗಿದ್ದ ಟ್ಯಾಂಕಿನಿಂದ ಪೆಟ್ರೋಲ್ ಬೆರೆತ ಕೆಸರು ಡ್ರಮ್ಮುಗಟ್ಟಲೆ ಬಂತು. ನೈಟ್ರೋಜನ್ ತುಂಬಿ ಆವಿಯನ್ನು ಹೊರಗೆ ತಳ್ಳಿ, ಮೀಟರ್ ಸುಮ್ಮನಾದ ಮೇಲೆಯೇ ಟ್ಯಾಂಕನ್ನು ಮೇಲೆತ್ತಿದರು. ಗುಂಡಿಯ ಮಣ್ಣನ್ನೂ ಬಾವಿಯ ನೀರನ್ನೂ ಪರೀಕ್ಷೆಗೆ ಕಳಿಸಿದರು. ಎರಡೂ ಚೆನ್ನಾಗಿವೆ ಎಂದು ತಿಳಿಯುವವರೆಗೆ ಚಿಕ್ಕಪ್ಪ ಆ ಬಾವಿಯ ಹನಿ ನೀರು ಮುಟ್ಟಲಿಲ್ಲ.

ಇದನ್ನೆಲ್ಲ ನೆನೆಯುತ್ತ ಬಿಜೂರಿಗೇ ಹೋದೆ. ಚಿಕ್ಕಪ್ಪ ಪಕ್ಕದ ಮನೆಯವರ ಬೇಲಿಯ ಬಳಿ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು: "ಹ್ವಾಯ್, ಗುಂಡಿಗ್ ಇಳೀಬೇಡಿ! ಮೊದ್ಲ್ ಒಳ್ಗಿನ್ ಗಾಳಿ ಪರೀಕ್ಷೆ ಮಾಡ್ಸಿ!" ಅಲ್ಲಿ ಶೌಚಗುಂಡಿಗೆ ಇಳಿಯಲು ಹೊರಟವನು ಏಣಿ ಹಿಡಿದುಕೊಂಡೇ ಹಿಂದೆ ಸರಿದ.

"ಚಿಕ್ಕಪ್ಪ ಇಷ್ಟೆಲ್ಲ ಯಾವಾಗ ಕಲಿತರು?" ಎಂದೆ.

ಚಿಕ್ಕಮ್ಮ ಮೀನು ಹೆಚ್ಚುತ್ತಲೇ ಹೇಳಿದಳು: "ಕಲ್ತದ್ದ್ ಎಂತದೂ ಇಲ್ಲೆ. ಹೆದ್ರೂಕ್ ಗೊತ್ತಾಯ್ತಲ, ಅಷ್ಟ್ ಸಾಕ್."