ಕೆಂಚಾರ್ಲಹಳ್ಳಿಯಲ್ಲಿ ಕೊನೆಯ ಇಪ್ಪತ್ತು ದಿನ

ಸುವಾರ್ತೆ ಸಾರುವ ಕೆಲಸಕ್ಕೆಂದು ಗದಗದಿಂದ ಚಿಕ್ಕಬಳ್ಳಾಪುರಕ್ಕೆ ಬಂದಾಗ ನನಗೆ ಇಪ್ಪತ್ತಾರು ವರ್ಷ. ಎರಡು ವರ್ಷದ ಸೇವೆಗೆ ಒಪ್ಪಿಕೊಂಡು ಬಂದವಳು. ಆ ಅವಧಿ ಮುಗಿದು ಊರಿಗೆ ಮರಳಲು ಇನ್ನು ಇಪ್ಪತ್ತು ದಿನವಿದೆ ಎನ್ನುವಾಗ, ನನ್ನ ಪ್ರಾರ್ಥನೆಯಿಂದ ಗುಣವಾದರು ಎಂದು ನಾನು ಊರೂರಲ್ಲಿ ಹೇಳಿಕೊಂಡು ಬಂದಿದ್ದ ಹೆಂಗಸೊಬ್ಬರು ಕೆಂಚಾರ್ಲಹಳ್ಳಿಯ ತಮ್ಮ ರೇಷ್ಮೆ ಹುಳುವಿನ ಮನೆಯಲ್ಲಿ ಕುಸಿದು ಬಿದ್ದರು.

ಅದಕ್ಕೆ ಮೊದಲು ನಮ್ಮ ದಿನಗಳು ಹೇಗಿದ್ದವೆಂದು ಹೇಳಬೇಕು. ಸೇವೆಯಲ್ಲಿ ನನ್ನ ಜೊತೆಗಿದ್ದವರು ಚಿಂತಾಮಣಿ ಕಡೆಯವರೇ ಆದ, ಐವತ್ತು ದಾಟಿದ ಹೆಂಗಸು. ಅವರನ್ನು ಅಕ್ಕ ಎನ್ನುತ್ತಿದ್ದೆ. ಚಿಕ್ಕಬಳ್ಳಾಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಬಸ್ಸು ಹತ್ತಿದರೆ ಒಂದು ದಿನ ಶಿಡ್ಲಘಟ್ಟ, ಇನ್ನೊಂದು ದಿನ ಗೌರಿಬಿದನೂರು, ವಾರದಲ್ಲಿ ಎರಡು ದಿನ ಚಿಂತಾಮಣಿಯ ಹಳ್ಳಿಗಳು. ಕರೆದ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದೆವು. ಕರೆಯುವ ಮನೆಗಳು ಬಹಳ ಕಡಿಮೆ.

ನನಗೆ ಅಲ್ಲಿ ಯಾವುದೂ ಹಿಡಿಸಿರಲಿಲ್ಲ. ಅರ್ಧ ಮಾತು ತೆಲುಗಿಗೆ ತಿರುಗಿದರೆ ನಾನು ಗೋಡೆ ನೋಡುತ್ತಾ ಕೂರಬೇಕಿತ್ತು. ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಬೇಯುವ ವಾಸನೆಗೆ ಸೆರಗು ಮೂಗಿನಿಂದ ತೆಗೆಯುತ್ತಿರಲಿಲ್ಲ. ಪೆರೇಸಂದ್ರದಲ್ಲಿ ಒಮ್ಮೆ ಬಸ್ಸಿಗೆ ಕಾಯುತ್ತಿದ್ದಾಗ ನಾಲ್ಕು ಜನ ಬಂದು, ಮತಾಂತರಕ್ಕೆ ಬಂದವರೆಂದು ಬೈದು, ನನ್ನ ಚೀಲವನ್ನು ಹೆದ್ದಾರಿಯ ಪಕ್ಕಕ್ಕೆ ಸುರಿದರು. ಅಕ್ಕ ಸುವಾರ್ತೆಯ ಕಾಗದಗಳನ್ನು ಒಂದೊಂದೇ ಆರಿಸಿದರು. ಆ ಸಂಜೆ ಕ್ಯಾಲೆಂಡರಿನಲ್ಲಿ ನನಗೆ ಉಳಿದ ತಿಂಗಳುಗಳಿಗೆಲ್ಲ ಗೆರೆ ಹಾಕಿಕೊಂಡೆ. ಬರಿಗೈಯಲ್ಲಿ ಊರಿಗೆ ಹೋಗುವುದು ಹೇಗೆ ಎಂಬ ಚಿಂತೆಯೂ ಶುರುವಾಗಿತ್ತು. ಗದಗದ ನಮ್ಮ ಚರ್ಚಿನ ಸಭೆಯವರು ನನ್ನನ್ನು ಹಾರ ಹಾಕಿ ಕಳಿಸಿದ್ದರು.

ಕೆಂಚಾರ್ಲಹಳ್ಳಿಯ ಆ ಹೆಂಗಸು ನಮ್ಮನ್ನು ತಾವಾಗಿಯೇ ಒಳಗೆ ಕರೆದವರು. ಗಂಡ ಇರಲಿಲ್ಲ. ಡಿಗ್ರಿ ಮುಗಿಸಿದ ಮಗಳೊಬ್ಬಳೇ. ಇಬ್ಬರೂ ಸೇರಿ ಹುಳು ಸಾಕುತ್ತಿದ್ದರು. ತಾಯಿಗೆ ಬಿ.ಪಿ., ಯಾವಾಗಲೂ ತಲೆಸುತ್ತು. ಗೋಡೆಯ ಮೇಲಿನ ದೇವರ ಪಟಗಳ ಕೆಳಗೇ ಚಾಪೆ ಹಾಸಿ ಕೂರಿಸಿ, "ನಿಮ್ ದೇವ್ರನ್ನೂ ಒಂದು ಮಾತು ಕೇಳಿನೋಡಮ್ಮ" ಎಂದರು. ನಾನು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ.

ಎರಡು ವಾರ ಬಿಟ್ಟು ಹೋದಾಗ ಅಕ್ಕ ಅಂಗಳದಲ್ಲಿ ಮಗಳೊಡನೆ ಮಾತಾಡುತ್ತಿದ್ದರು. ಒಳಗೆ ನಾವಿಬ್ಬರೇ.

"ಆವತ್ತಿಂದ ತಲೆಸುತ್ತೇ ಇಲ್ಲ ಕಣಮ್ಮ," ಎಂದರು ಆಕೆ. "ಮಾತ್ರೆ ಬಿಟ್ಬಿಟ್ಟೆ. ಯಾಕ್ ಬೇಕು ಇನ್ನು?"

ನಾನು "ದೇವರಿಗೆ ಸ್ತೋತ್ರ" ಎಂದೆ. ಬೇರೇನೂ ಹೇಳಲಿಲ್ಲ. ನನ್ನ ತಂದೆಗೂ ಬಿ.ಪಿ. ಇದೆ. ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಗೊತ್ತಿಲ್ಲದವಳೇನಲ್ಲ. ಆದರೆ ಒಂದೂವರೆ ವರ್ಷದಲ್ಲಿ, ದೇವರು ಮಾಡಿದ್ದೆಂದು ಸಭೆಯ ಮುಂದೆ ಹೇಳಲು ನನ್ನ ಕೈಗೆ ಸಿಕ್ಕಿದ್ದ ಒಂದೇ ಸಾಕ್ಷಿ ಅದು. ಅದನ್ನು ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಬಸ್ಸಿನಲ್ಲಿ ಅಕ್ಕ ಕೇಳಿದರು: "ಮಾತ್ರೆ ಬಿಡ್ಬೇಡಿ ಅಂತ ಹೇಳ್ದೆ ತಾನೆ?"

"ಹೇಳೇನ್ರಿ ಅಕ್ಕ," ಎಂದೆ.

ಸಭೆಗೆ ಕಳಿಸುವ ಆ ತಿಂಗಳ ವರದಿಯಲ್ಲಿ ಅವರು ಗುಣವಾದದ್ದನ್ನು ಬರೆದೆ. ತೊಂಡೇಬಾವಿಯಲ್ಲಿ ಒಂದು ಮನೆಯ ಪ್ರಾರ್ಥನೆಯಲ್ಲಿ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದೆ. ಐದು ತಿಂಗಳು ಹಾಗೆ ನಡೆಯಿತು.

ಬಿದ್ದ ಸುದ್ದಿ ತಿಳಿದು ಆಸ್ಪತ್ರೆಗೆ ಓಡಿದಾಗ ಅವರ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಬಾಯಿ ಒಂದು ಕಡೆಗೆ ಎಳೆದಿತ್ತು. ಡಾಕ್ಟರು ಮಗಳನ್ನು ಕೇಳುತ್ತಿದ್ದರು, ಮಾತ್ರೆ ಯಾವಾಗ ನಿಲ್ಲಿಸಿದ್ದು ಎಂದು. ಅವಳು "ನಿಲ್ಸಿಲ್ಲ ಸರ್, ದಿನಾ ತಗೋತಾರೆ" ಎಂದಳು. ತಾಯಿ ಅವಳಿಗೂ ಹೇಳಿರಲಿಲ್ಲ. ನಾನು ಬಾಗಿಲಲ್ಲೇ ನಿಂತಿದ್ದೆ.

ಹೊರಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ನಾನು ಅಳಲು ಶುರುಮಾಡಿದಾಗ, "ನನ್ನ ಹತ್ರ ಅತ್ತು ಏನ್ ಪ್ರಯೋಜನ? ಆ ಹುಡ್ಗಿ ಹತ್ರ ಹೋಗಿ ಹೇಳು" ಎಂದರು. ಹೇಳುವ ಧೈರ್ಯ ಅವತ್ತು ಬರಲಿಲ್ಲ.

ಒಂದು ವಾರಕ್ಕೆ ತಾಯಿಯನ್ನು ಮನೆಗೆ ಕರೆತಂದರು. ಆಕೆ ಬೀಳುವ ಹೊತ್ತಿಗೆ ಹೊಸ ಹುಳು ತಂದು ಎರಡೇ ದಿನವಾಗಿತ್ತು. ಹುಳುವಿಗೆ ಯಾರ ಕಾಯಿಲೆಯೂ ಗೊತ್ತಾಗುವುದಿಲ್ಲ, ಹೊತ್ತು ಹೊತ್ತಿಗೆ ಸೊಪ್ಪು ಬೇಕು. ಆ ವಾರವೆಲ್ಲ ಮಗಳ ಸೋದರಮಾವ ಬಂದು ನೋಡಿಕೊಂಡಿದ್ದರು. ಅವರಿಗೂ ತಮ್ಮ ತೋಟವಿತ್ತು. ತಾಯಿ ಮನೆಗೆ ಬಂದ ಮರುದಿನ ನಾನು ಮೊದಲ ಬಸ್ಸಿಗೆ ಹೋದೆ. ಮಗಳು ಬಾಗಿಲಲ್ಲೇ ತಡೆದಳು.

"ಪ್ರಾರ್ಥನೆಗೆ ಬಂದಿದ್ರೆ ಬೇಡ ಸಿಸ್ಟರ್."

"ಪ್ರಾರ್ಥನೆಗಲ್ಲ. ಸೊಪ್ಪು ಕತ್ತರಿಸಿ ಕೊಡ್ತೇನಿ."

ಅವಳು ಕೈಕಾಲು ತೊಳೆಯಲು ನೀರು ತೋರಿಸಿದಳು. ನಾವು ಹಿಪ್ಪುನೇರಳೆ ತೋಟಕ್ಕೆ ಹೋದೆವು. ಅರ್ಧ ಸಾಲು ಮುಗಿದಾಗ ಹೇಳಿಬಿಟ್ಟೆ: ಅವರು ಮಾತ್ರೆ ಬಿಟ್ಟದ್ದು ನನಗೆ ಗೊತ್ತಿತ್ತು, ನಾನು ಬೇಡ ಅನ್ನಲಿಲ್ಲ, ಅಕ್ಕನಿಗೂ ಸುಳ್ಳು ಹೇಳಿದೆ.

ಅವಳ ಕುಡುಗೋಲು ನಿಂತಿತು. ಬೈಯುತ್ತಾಳೆ, ಊರವರನ್ನು ಕೂಗುತ್ತಾಳೆ ಎಂದುಕೊಂಡೆ.

"ಯಾರ್ಗೂ ಹೇಳ್ಬೇಡಿ," ಎಂದಳು ಕೊನೆಗೆ. "ಮಾವಂಗೆ ಗೊತ್ತಾದ್ರೆ ನಿಮ್ಮನ್ನ ಊರೊಳಗೆ ಬಿಡಲ್ಲ. ನಂಗೆ ಕೆಲ್ಸಕ್ಕೆ ಜನ ಬೇಕು." ಆಮೇಲೆ ಸೊಪ್ಪಿನ ಕಡ್ಡಿಗಳ ಹೊರೆ ಕಟ್ಟುತ್ತಾ, ನನ್ನ ಕಡೆ ನೋಡದೆ ಹೇಳಿದಳು, "ಕ್ಷಮ್ಸಿದೀನಿ ಅಂತ ಅನ್ಕೋಬೇಡಿ ಸಿಸ್ಟರ್."

ಅಲ್ಲಿಂದಾಚೆ ದಿನವೂ ಹೋದೆ. ಅಕ್ಕ ಬೇರೆ ಊರುಗಳನ್ನು ಒಬ್ಬರೇ ಸುತ್ತಿ, ಬಿಡುವಾದಾಗ ನನ್ನ ಜೊತೆ ಬರುತ್ತಿದ್ದರು. ನಾನು ಸೊಪ್ಪು ತರುತ್ತಿದ್ದೆ, ಹುಳುವಿನ ಹಿಕ್ಕೆ ತೆಗೆಯುತ್ತಿದ್ದೆ, ತಾಯಿಯ ಮೈ ಒರೆಸಿ ಮಗ್ಗುಲು ಬದಲಿಸುತ್ತಿದ್ದೆ. ಗಂಜಿ ಕುಡಿಸುವಾಗ ಆಕೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದುಕೊಳ್ಳುತ್ತಿದ್ದರು. ಏನೋ ಹೇಳಲು ನೋಡುತ್ತಿದ್ದರು, ಮಾತು ಕೂಡುತ್ತಿರಲಿಲ್ಲ. ಬೈಗುಳವೋ ಸಮಾಧಾನವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ. ಆ ಊರುಗಳನ್ನು ನಾನು ಕಣ್ಣು ಬಿಟ್ಟು ನೋಡಿದ್ದು ಆ ದಿನಗಳಲ್ಲಿ. ಬೆಳಗಿನ ಬಸ್ಸಿನಲ್ಲಿ ಸೇವಂತಿಗೆ ಮೂಟೆಗಳ ನಡುವೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಹೂವಿನ ಹೆಂಗಸರು "ಇಲ್ಲಿ ಕೂತ್ಕೊಳಮ್ಮ" ಎಂದು ಮೂಟೆಯ ಮೇಲೇ ಕೂರಿಸುತ್ತಿದ್ದರು. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ನೂಲು ತೆಗೆಯುವ ಕೆಲಸಕ್ಕೆ ಹೊರಟ ಬುರ್ಖಾದ ಹೆಣ್ಣುಮಕ್ಕಳು ಉರ್ದುವಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರು. ಬಿಸಿನೀರಿನಲ್ಲಿ ನೆನೆದು ಬಿಳುಚಿದ್ದ ಅವರ ಬೆರಳುಗಳನ್ನು ಎರಡು ವರ್ಷದಲ್ಲಿ ಮೊದಲ ಸಲ ಗಮನಿಸಿದೆ. ಮಧ್ಯಾಹ್ನ ಮಗಳು ಮುದ್ದೆ, ಬಸ್ಸಾರು ಬಡಿಸುತ್ತಿದ್ದಳು. ನನ್ನೊಡನೆ ಮಾತಾಡದಿದ್ದರೂ ನನ್ನ ತಟ್ಟೆಗೆ ಎರಡನೇ ಸಲ ಸಾರು ಹಾಕುವುದನ್ನು ಮರೆಯುತ್ತಿರಲಿಲ್ಲ. ಹಸಿದು ತಿಂದೆ. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದಿನ ನಡುವೆ ಕೂತಾಗ ಇಲ್ಲಿಂದ ಹೋಗುವುದು ಬೇಡ ಅನ್ನಿಸುತ್ತಿತ್ತು. ಹಾಗನ್ನಿಸಲು ನನಗೇನು ಹಕ್ಕು ಎಂದೂ ಅನ್ನಿಸುತ್ತಿತ್ತು.

ನಾನು ಹೊರಡಲು ನಾಲ್ಕು ದಿನ ಇದ್ದಾಗ ತಾಯಿ ತೀರಿಕೊಂಡರು. ಬೆಳಿಗ್ಗೆ ಅಕ್ಕ ಮತ್ತು ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಸೋದರಮಾವ ಅಕ್ಕನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕೋಬೇಡಿ, ಮಣ್ಣಿಗೆ ಮಾತ್ರ ನೀವು ಬರೋದು ಬೇಡ. ನೆಂಟ್ರೆಲ್ಲ ಬಂದಿದಾರೆ, ಮಾತು ಬರುತ್ತೆ" ಎಂದರು. ಅಕ್ಕ ತಲೆಯಾಡಿಸಿದರು.

ಅಂದೇ ಹುಳು ಹಣ್ಣಾಗಿದ್ದವು. ಮೈ ಹೊಳಪಾಗಿ, ಮೇಯುವುದು ಬಿಟ್ಟು ತಲೆಯೆತ್ತಿ ನೂಲು ಬಿಡಲು ತಡಕಾಡುತ್ತಿದ್ದವು. ಆ ಹೊತ್ತಿಗೆ ಆರಿಸಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಡದಿದ್ದರೆ ಬೆಳೆಯೆಲ್ಲ ಹಾಳು. ಮಗಳು ಅಳುವವರ ನಡುವಿನಿಂದ ಎದ್ದು ಬಂದಳು.

"ನಮ್ಮಮ್ಮ ತಂದ ಹುಳ ಸಿಸ್ಟರ್," ಎಂದಳು. "ಹಾಳಾಗೋದು ಬೇಡ. ನಾವು ಬರೋವರ್ಗೂ ನೀವು ಚಂದ್ರಿಕೆಗೆ ಬಿಡ್ತಾ ಇರಿ."

ತಮಟೆ ಸದ್ದು ಊರಾಚೆಗೆ ಹೋಗುವವರೆಗೂ ಕೇಳುತ್ತಿತ್ತು. ಅಕ್ಕ ಮತ್ತು ನಾನು ಬಗ್ಗಿ ಹಣ್ಣು ಹುಳುಗಳನ್ನು ಆರಿಸುತ್ತಾ ಹೋದೆವು. ಬಿದಿರಿನ ಚಂದ್ರಿಕೆಯ ಸುತ್ತುಗಳಲ್ಲಿ ಇಟ್ಟರೆ ತಕ್ಷಣ ಕಚ್ಚಿ ಹಿಡಿಯುತ್ತಿದ್ದವು. ಪ್ರಾರ್ಥಿಸಬೇಕೆಂದು ನನಗೆ ತೋಚಲಿಲ್ಲ. ಅಕ್ಕ ಒಮ್ಮೆ ಸೊಂಟ ಹಿಡಿದುಕೊಂಡು ನಿಂತು, "ದೊಡ್ಡವನ್ನ ಮೊದ್ಲು ತೆಗಿ" ಎಂದರು, ಅಷ್ಟೇ. ಮಣ್ಣು ಮಾಡಿ ಬಂದವರು ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ನಮ್ಮ ಪಕ್ಕ ಕೂತು ಆರಿಸತೊಡಗಿದರು. ಸೋದರಮಾವನೂ ಕೂತರು.

ಗದಗಕ್ಕೆ ಮರಳಿದ ಮೇಲೆ ಮೊದಲ ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು ನನ್ನನ್ನು ಮುಂದೆ ಕರೆದರು. ನಡೆದದ್ದೆಲ್ಲ ಹೇಳಿದೆ, ಸುಳ್ಳನ್ನೂ ಸೇರಿಸಿ. ಯಾರೂ ಆಮೆನ್ ಅನ್ನಲಿಲ್ಲ. ಹೊರಗೆ ಹಿರಿಯರೊಬ್ಬರು, "ಎಲ್ಲಾರ ಮುಂದ ಅದನ್ಯಾಕ ಹೇಳ್ದಿ ಯವ್ವಾ" ಎಂದರು. ಆಮೇಲೆ ಯಾವ ಸೇವೆಗೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಮಗಳಿಗೆ ಎರಡು ಸಲ ಫೋನ್ ಮಾಡಿದ್ದೇನೆ. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿ, ಗೂಡು ಚೆನ್ನಾಗಿ ಬಂದಿತ್ತು ಎಂದಳು, ಈಗ ಒಬ್ಬಳೇ ಇನ್ನೊಂದು ಬೆಳೆ ಇಟ್ಟಿದ್ದೇನೆ ಎಂದಳು. "ಸೊಪ್ಪು ಹಾಕ್ತಿದೀನಿ ಸಿಸ್ಟರ್, ಆಮೇಲೆ ಮಾಡ್ತೀನಿ." ಇನ್ನೂ ಮಾಡಿಲ್ಲ.